ಪ್ರೋಗ್ರಾಮ್ ಮಾಡಿದ ಡ್ರಮ್ಸ್ ರಾಕ್ ಹಾಡಲ್ಲಿ ಮೆಷಿನ್ ಥರ ಕೇಳಿಸ್ತಿದೆ, ಎಲ್ಲಿಂದ ಸರಿ ಮಾಡೋದು?

ಗಿಟಾರ್_ಹಾಸನ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ರೆಕಾರ್ಡ್ ಮಾಡಿರೋ ಕನ್ನಡ ರಾಕ್ ಹಾಡು. 4/4, 120 ಬಿಪಿಎಂ (ನಿಮಿಷಕ್ಕೆ 120 ಬೀಟ್). ಎಡಕ್ಕೊಂದು ಬಲಕ್ಕೊಂದು ಡಿಸ್ಟಾರ್ಷನ್ ಗಿಟಾರ್, ಬೇಸ್, ವೋಕಲ್. ಅಪಾರ್ಟ್‌ಮೆಂಟಲ್ಲಿ ನಿಜವಾದ ಕಿಟ್ ಬಾರಿಸೋ ಹಾಗಿಲ್ಲ, ಹಾಗಾಗಿ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಉಚಿತ ಡ್ರಮ್ ಪ್ಲಗಿನ್ ಹಾಕಿ ಮೌಸಲ್ಲೇ ಮಿಡಿ (ಯಾವ ಡ್ರಮ್ ಯಾವಾಗ, ಎಷ್ಟು ಜೋರಾಗಿ ಅನ್ನೋ ನೋಟ್‌ಗಳು) ಬರೆದಿದೀನಿ. ವರ್ಸ್‌ನಲ್ಲಿ ಹೈಹ್ಯಾಟ್ 8ನೇ ನೋಟ್ (ಬೀಟಿಗೆ 2 ಏಟು), ಕೋರಸ್‌ನಲ್ಲಿ ಕ್ರ್ಯಾಶ್, 4 ಬಾರ್‌ಗೊಂದು (ಬಾರ್ ಅಂದ್ರೆ 4 ಬೀಟ್) ಫಿಲ್, ಅಂದ್ರೆ ಸಾಲು ಮುಗಿಯುವಾಗಿನ ಚಿಕ್ಕ ಉರುಳಿಕೆ. ಎಲ್ಲ ನೋಟ್ ಗ್ರಿಡ್ (ತಾಳದ ಸರಿಯಾದ ಗೆರೆ) ಮೇಲೇ ಇದೆ, ವೆಲಾಸಿಟಿ (ಏಟಿನ ಜೋರು, ಗರಿಷ್ಠ 127) 100 ರಿಂದ 127. ಹ್ಯೂಮನೈಸ್ ಕೊಟ್ಟು ನೋಡಿದೆ, ಮೆಷಿನ್ ಥರ ಇದ್ದದ್ದು ಹೋಗಿ ತಾಳ ತಪ್ಪಿದ ಹಾಗೆ ಕೇಳ್ತಿದೆ. ಏನು ಮಾಡ್ಬೇಕು?

ರಿಮ್‌ಶಾಟ್

ಮೊದಲು ಆ ಹ್ಯೂಮನೈಸ್ ತೆಗೀರಿ. ಅದು ಒಂದೊಂದು ನೋಟನ್ನೂ ಲೆಕ್ಕವಿಲ್ಲದೆ ಅತ್ತಿತ್ತ ಸರಿಸುತ್ತೆ. ಡ್ರಮ್ಮರ್ ಕೈಯ ಏರಿಳಿತ ಹಾಗಿರಲ್ಲ. ಯಾವ ಏಟು ಜೋರು, ಯಾವುದು ಮೆಲ್ಲಗೆ ಅನ್ನೋದು ಕೈ ಆಡೋ ರೀತಿಯಿಂದ ಬರುತ್ತೆ, ಹೆಚ್ಚುಕಮ್ಮಿ ಅದೇ ಆಕಾರ ಪ್ರತಿ ಬಾರ್‌ನಲ್ಲೂ ಮರಳಿ ಬರುತ್ತೆ.

ಟೈಮಿಂಗ್ ಮುಟ್ಟೋಕೆ ಮುಂಚೆ ವೆಲಾಸಿಟಿ ಸರಿ ಮಾಡಿ, ಅರ್ಧಕ್ಕಿಂತ ಹೆಚ್ಚು ಕೆಲಸ ಅಲ್ಲೇ ಮುಗಿಯುತ್ತೆ. ಹೈಹ್ಯಾಟಿಂದ ಶುರು ಮಾಡಿ. ಬೀಟ್ ಮೇಲಿನ ಏಟು ಕಡ್ಡಿಯ ಬದಿಯಿಂದ ಅಂಚಿಗೆ ಬೀಳುತ್ತೆ, ನಡುವಿನ ಏಟು ತುದಿಯಿಂದ ಮೇಲ್ಭಾಗಕ್ಕೆ. ಹಾಗಾಗಿ ಒಂದು ಬಾರ್‌ನ 8 ಏಟಿಗೆ 94, 62, 88, 66, 92, 60, 87, 68 ಇಟ್ಟು ನೋಡಿ. ಮುಂದಿನ ಬಾರ್‌ನಲ್ಲಿ ಇದೇ ಆಕಾರ, 2-4 ಅಂಕಿ ವ್ಯತ್ಯಾಸ, ಅಷ್ಟೇ.

2 ಮತ್ತು 4ನೇ ಬೀಟಿನ ಸ್ನೇರ್ ವರ್ಸ್‌ನಲ್ಲಿ 104-110. 120ರ ಮೇಲಿನದ್ದನ್ನ ಕೋರಸ್‌ಗೆ ಉಳಿಸಿ. ಈಗ ಎಲ್ಲವೂ 127ರ ಹತ್ತಿರ ಇರೋದ್ರಿಂದ ಬಹುಶಃ ಒಂದೇ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಏಟು) ಮತ್ತೆ ಮತ್ತೆ ಬರ್ತಿದೆ, ಮೆಷಿನ್‌ಗನ್ ಸದ್ದಿಗೆ ಮುಖ್ಯ ಕಾರಣ ಅದೇ. ಪ್ಲಗಿನ್‌ನ ಲೇಯರ್ (ಜೋರಿಗೆ ತಕ್ಕ ಬೇರೆ ಬೇರೆ ಸ್ಯಾಂಪಲ್) ಎಲ್ಲಿ ಬದಲಾಗುತ್ತೆ ಅಂತ ತಿಳ್ಕೊಳ್ಳೋಕೆ ಸ್ನೇರ್ ಒಂದನ್ನೇ 4 ಬಾರ್ 16ನೇ ನೋಟಲ್ಲಿ (ಬೀಟಿಗೆ 4 ಏಟು) ಬರೆದು ವೆಲಾಸಿಟಿನ 1 ರಿಂದ 127ಕ್ಕೆ ಒಂದೇ ಗೆರೆಯಲ್ಲಿ ಏರಿಸಿ. ಧ್ವನಿಯ ಗುಣ ತಟ್ಟನೆ ಬದಲಾಗೋ ಜಾಗಗಳನ್ನ ಬರೆದಿಟ್ಕೊಳ್ಳಿ. ಸ್ನೇರ್ ಏಟುಗಳನ್ನ ಆ ಗಡಿಯ ಎರಡೂ ಬದಿಗೆ ಹಂಚಿದರೆ ಒಂದೇ ಸ್ಯಾಂಪಲ್ ಸಾಲಾಗಿ ಬರಲ್ಲ. ರೌಂಡ್ ರಾಬಿನ್ (ಒಂದೇ ಏಟಿಗೆ ಸರದಿಯಲ್ಲಿ ಬೇರೆ ಬೇರೆ ಸ್ಯಾಂಪಲ್) ಇರೋ ಪ್ಲಗಿನ್ ಆದ್ರೆ ಈ ತೊಂದರೆ ಕಡಿಮೆ.

ಕಿಕ್ ಎರಡು ಒಂದರ ಹಿಂದೊಂದು 16ನೇ ನೋಟಲ್ಲಿ ಬಂದಾಗ ಮೊದಲನೆಯದು 85, ಬೀಟ್ ಮೇಲೆ ಬೀಳೋದು 108. ಎರಡೂ ಸಮ ಇದ್ರೆ ಕಾಲಿನ ಏಟು ಅನ್ನಿಸೋದೇ ಇಲ್ಲ.

ಇನ್ನೊಂದು ವಿಷಯ, ಎರಡು ಕೈ ಎರಡು ಕಾಲು ಅನ್ನೋದನ್ನ ಮರೀಬೇಡಿ. ಟಾಮ್ ಫಿಲ್ ನಡೀತಿರುವಾಗ ಹೈಹ್ಯಾಟ್ 8ನೇ ನೋಟ್ ಮುಂದುವರಿದಿದ್ರೆ ಅಲ್ಲಿ ಮೂರನೇ ಕೈ ಬೇಕಾಗುತ್ತೆ. ಕೇಳುಗರಿಗೆ ಕಾರಣ ಗೊತ್ತಾಗದಿದ್ರೂ ಏನೋ ಸುಳ್ಳು ಅಂತ ಕಿವಿಗೆ ಹೊಳೆಯುತ್ತೆ. ಫಿಲ್ ಇರೋ ಕಡೆ 42ನೇ ನೋಟ್ (ಮುಚ್ಚಿದ ಹೈಹ್ಯಾಟ್) ಅಳಿಸಿ. ಕ್ರ್ಯಾಶ್ ಕೆಳಗೆ ಕಿಕ್ ಅಥವಾ ಸ್ನೇರ್ ಇದ್ದೇ ಇರಲಿ, ಒಂಟಿ ಕ್ರ್ಯಾಶ್ ತೆಳ್ಳಗೆ ಕೇಳುತ್ತೆ.

ತಾಳವಾದಿ

ರಿಮ್‌ಶಾಟ್ ಅವರು ಹೇಳಿದ್ದನ್ನೆಲ್ಲ ಮುಗಿಸಿ ಆಮೇಲೆ ಟೈಮಿಂಗ್‌ಗೆ ಬನ್ನಿ. 120ರಲ್ಲಿ ಒಂದು ಬೀಟ್ 500 ಮಿಲಿಸೆಕೆಂಡ್. ರೀಪರ್‌ನಲ್ಲಿ ಬೀಟಿಗೆ 960 ಟಿಕ್, ಅಂದ್ರೆ ಒಂದು ಟಿಕ್ ಸುಮಾರು ಅರ್ಧ ಮಿಲಿಸೆಕೆಂಡ್. ಕಿಕ್ ಮತ್ತು ಹೈಹ್ಯಾಟ್ ಗ್ರಿಡ್ ಮೇಲೇ ಇರಲಿ. ವರ್ಸ್‌ನ 2-4ರ ಸ್ನೇರ್ ಏಟುಗಳನ್ನ ಮಾತ್ರ ಒಟ್ಟಿಗೆ ಆಯ್ಕೆ ಮಾಡಿ 12 ರಿಂದ 18 ಟಿಕ್ ಹಿಂದಕ್ಕೆ (ಅಂದ್ರೆ ತಡವಾಗಿ ಬರೋ ಹಾಗೆ) ತಳ್ಳಿ. ಗ್ರೂವ್ ಕೂತ ಹಾಗಾಗುತ್ತೆ. ಕೋರಸ್‌ನಲ್ಲಿ ಮತ್ತೆ ಗ್ರಿಡ್‌ಗೆ ತನ್ನಿ, ಅಲ್ಲಿ ಹಾಡು ತಾನಾಗಿ ಮುಂದಕ್ಕೆ ಒತ್ತಿದ ಹಾಗೆ ಕೇಳುತ್ತೆ. 30 ಟಿಕ್ ದಾಟಬೇಡಿ. ನಿಮ್ಮ ಗಿಟಾರ್ ಕ್ಲಿಕ್‌ಗೆ ಬಾರಿಸಿರೋದು, ಸ್ನೇರ್ ಅದಕ್ಕಿಂತ ತೀರಾ ಹಿಂದೆ ಬಿದ್ರೆ ಎರಡು ಸದ್ದು ಬಿಡಿಬಿಡಿಯಾಗಿ ಕೇಳುತ್ತೆ.

ಫಿಲ್‌ನಲ್ಲಿ ಬಲಗೈ ಏಟು ಎಡಗೈಗಿಂತ ಜೋರು. 16ನೇ ನೋಟಿನ ಒಂದು ಬೀಟ್‌ಗೆ 96, 82, 100, 86, ಮುಂದಿನದ್ದಕ್ಕೆ 104, 92, 112, 98. ಉದ್ದಕ್ಕೂ ಏರ್ತಾ ಹೋಗಬೇಕು. ಫಿಲ್‌ನ ಕೊನೆಯ ಮೂರ್ನಾಲ್ಕು ಏಟು 8-10 ಟಿಕ್ ಮುಂಚೆ ಬರಲಿ, ಮುಂದಿನ ಬಾರ್‌ನ 1 ಮಾತ್ರ ಸರಿಯಾಗಿ ಗ್ರಿಡ್ ಮೇಲೆ. ಫ್ಲ್ಯಾಮ್ (ದೊಡ್ಡ ಏಟಿಗೆ ಅಂಟಿದ ಚಿಕ್ಕ ಏಟು) ಬೇಕಾದ್ರೆ ಚಿಕ್ಕ ಏಟು 25 ಮಿಲಿಸೆಕೆಂಡ್ ಮುಂಚೆ, ವೆಲಾಸಿಟಿ 50. ಎರಡನ್ನೂ ಒಂದೇ ಜಾಗಕ್ಕೆ ಇಟ್ರೆ ಅದು ಬರೀ ಜೋರಾದ ಒಂದು ಏಟು. 4 ಬಾರ್‌ಗೊಂದು ಫಿಲ್ ಅಂತೂ ಬಹಳ ಜಾಸ್ತಿ, 8ಕ್ಕೊಂದು ಸಾಕು. ನಾಲ್ಕನೇ ಬಾರ್ ಕೊನೆಗೆ ಓಪನ್ ಹ್ಯಾಟ್ ಒಂದು ಏಟು ಕೊಟ್ಟು ಮುಂದಿನ 1ಕ್ಕೆ ಮುಚ್ಚಿ, ಚೆನ್ನಾಗಿರುತ್ತೆ.

ಮೌಸ್ ಬಿಟ್ಟು ಕೀಬೋರ್ಡ್ ಅಥವಾ ಪ್ಯಾಡ್ ಮೇಲೆ ಬೆರಳಲ್ಲೇ ಬಾರಿಸಿ ಅನ್ನೋದು ನನ್ನ ಸಲಹೆ. ಕಿಕ್-ಸ್ನೇರ್ ಒಂದು ಸಲ, ಹ್ಯಾಟ್ ಇನ್ನೊಂದು ಸಲ, ಆಮೇಲೆ ಕ್ವಾಂಟೈಜ್ (ಗ್ರಿಡ್ ಕಡೆಗೆ ಎಳೆಯೋದು) 70%. ಬಫರ್ (ಸದ್ದು ಎಷ್ಟು ತಡವಾಗಿ ಬರುತ್ತೆ ಅನ್ನೋ ಸೆಟ್ಟಿಂಗ್) 128ಕ್ಕೆ ಇಳಿಸಿ, 48 ಕಿಲೋಹರ್ಟ್ಸ್‌ನಲ್ಲಿ ಅದು 2.7 ಮಿಲಿಸೆಕೆಂಡ್. 512ರಲ್ಲಿ 10.7 ಆಗುತ್ತೆ, ಕೈಗೂ ಕಿವಿಗೂ ಹೊಂದಲ್ಲ.

ಕೋರಸ್‌ಗೆ 122 ಬಿಪಿಎಂ ಮಾಡೋದು ಒಳ್ಳೇ ಉಪಾಯ, ಆದ್ರೆ ಅದು ಗಿಟಾರ್ ರೆಕಾರ್ಡ್ ಮಾಡೋಕೆ ಮುಂಚೆ ಆಗಬೇಕು. ಈ ಹಾಡಿಗೆ ಬೇಡ.

ಮೂಲೆಮನೆ_ಮಿಕ್ಸ್

ಮೇಲಿನ ಇಬ್ಬರೂ ಬರವಣಿಗೆ ಬಗ್ಗೆ ಹೇಳಿದ್ದಾರೆ, ಮಿಕ್ಸ್ ಸರಿಯಿಲ್ದಿದ್ರೆ ಆ ಕೆಲಸವೆಲ್ಲ ಅಳಿಸಿಹೋಗುತ್ತೆ. ಡ್ರಮ್ ಬಸ್ (ಎಲ್ಲ ಡ್ರಮ್ ಸೇರೋ ಟ್ರ್ಯಾಕ್) ಮೇಲೆ ಲಿಮಿಟರ್ (ಜೋರಾದ ಸದ್ದನ್ನ ತಡೆಯೋದು) ಹಾಕಿ 8-10 ಡಿಬಿ ಒತ್ತಿದ್ರೆ 62ಕ್ಕೂ 94ಕ್ಕೂ ವ್ಯತ್ಯಾಸವೇ ಉಳಿಯಲ್ಲ. ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸೋದು) 2:1, ಅಟ್ಯಾಕ್ 30 ಮಿಲಿಸೆಕೆಂಡ್, 2-3 ಡಿಬಿ ಇಳಿಕೆ ಸಾಕು.

ಕಿಟ್ ಒಂದು ಕೋಣೆಯಲ್ಲಿದೆ ಅನ್ನೋ ಭಾವನೆ ಓವರ್‌ಹೆಡ್ ಮತ್ತು ರೂಮ್ ಮೈಕಿಂದ ಬರುತ್ತೆ. ಲೆಡ್ ಝೆಪ್ಲಿನ್‌ನ ನಾಲ್ಕನೇ ಆಲ್ಬಂನಲ್ಲಿ, 1971ರದ್ದು, ಡ್ರಮ್ಮರ್ ಜಾನ್ ಬೋನಮ್ ಅವರ ಆ ಹೆಸರಾಂತ ಭಾರೀ ಸದ್ದು ಹೆಡ್ಲಿ ಗ್ರೇಂಜ್ ಬಂಗಲೆಯ ಮೆಟ್ಟಿಲ ಹಜಾರದಲ್ಲಿ ಕಿಟ್ ಇಟ್ಟು, ಮೇಲಿಂದ ಎರಡು ಮೈಕ್ ಇಳಿಬಿಟ್ಟು ಹಿಡಿದದ್ದು. ಪ್ಲಗಿನ್‌ನಲ್ಲಿ ರೂಮ್ ಚಾನೆಲ್ ಇದ್ರೆ ಬೇರೆ ಟ್ರ್ಯಾಕ್‌ಗೆ ತಂದು 8:1, ರಿಲೀಸ್ 100 ಮಿಲಿಸೆಕೆಂಡ್, 8-10 ಡಿಬಿ ಒತ್ತಿ. ಇಷ್ಟು ಒತ್ತೋ ಜಾಗ ಇದೊಂದೇ. ಆಮೇಲೆ ಫೇಡರ್ ಪೂರ್ತಿ ಕೆಳಗಿಟ್ಟು ನಿಧಾನಕ್ಕೆ ಏರಿಸಿ, ಮ್ಯೂಟ್ ಮಾಡಿದಾಗ ಮಾತ್ರ ಕೊರತೆ ಗೊತ್ತಾಗೋ ಮಟ್ಟಕ್ಕೆ ನಿಲ್ಲಿಸಿ. ರೂಮ್ ಚಾನೆಲ್ ಇಲ್ದಿದ್ರೆ 0.6 ಸೆಕೆಂಡಿನ ರೂಮ್ ರಿವರ್ಬ್ (ಕೋಣೆಯ ಪ್ರತಿಧ್ವನಿ), ಪ್ರೀಡಿಲೇ (ಅದು ಶುರುವಾಗೋ ಮುಂಚಿನ ತಡ) 10 ಮಿಲಿಸೆಕೆಂಡ್. ಸ್ನೇರ್, ಟಾಮ್, ಸಿಂಬಲ್ ಎಲ್ಲವನ್ನೂ ಅದೇ ಒಂದಕ್ಕೆ ಕಳಿಸಿ. ಕಿಕ್ ತುಸುವೇ ಸಾಕು, ರಿವರ್ಬ್‌ನಲ್ಲಿ 200 ಹರ್ಟ್ಸ್ ಕೆಳಗಿನದ್ದು ಕತ್ತರಿಸಿ. ಸ್ನೇರ್‌ಗೊಂದು ಟಾಮ್‌ಗೊಂದು ಬೇರೆ ಬೇರೆ ರಿವರ್ಬ್ ಹಾಕಿದ್ರೆ ಒಂದೊಂದು ಡ್ರಮ್ ಒಂದೊಂದು ಮನೆಯಲ್ಲಿದ್ದ ಹಾಗೆ ಕೇಳುತ್ತೆ.

ಗಿಟಾರ್_ಹಾಸನ

ತುಂಬಾ ಥ್ಯಾಂಕ್ಸ್. ಹ್ಯಾಟ್ ಮತ್ತು ಸ್ನೇರ್ ಬದಲಾಯಿಸಿದ್ದಕ್ಕೇ ವರ್ಸ್ ಪೂರ್ತಿ ಬೇರೆ ಆಯ್ತು. ಎರಡು ಅನುಮಾನ: ಘೋಸ್ಟ್ ನೋಟ್ (ಸ್ನೇರ್ ಮೇಲಿನ ತೀರಾ ಮೆಲ್ಲಗಿನ ಏಟು) ಹಾಕಿದ್ರೆ ಡಿಸ್ಟಾರ್ಷನ್ ಕೆಳಗೆ ಕೇಳೋದೇ ಇಲ್ಲ. ಮತ್ತೆ ಕೋರಸ್‌ನಲ್ಲಿ ಕ್ರ್ಯಾಶ್ ಎಲ್ಲ ಏಟಿಗೂ ಒಂದೇ ಥರ ಗದ್ದಲ ಆಗ್ತಿದೆ.

ರಿಮ್‌ಶಾಟ್

ಘೋಸ್ಟ್ ನೋಟನ್ನ ಗಿಟಾರ್ ತೆಳುವಾಗಿರೋ ವರ್ಸ್‌ಗೆ ಮಾತ್ರ ಇಡಿ, 25-40ರ ಒಳಗೆ, 2ರ ಸ್ನೇರ್ ಆದ ಮೇಲಿನ 16ನೇ ನೋಟಲ್ಲಿ. ಕೇಳಿಸಲಿ ಅಂತ 60ಕ್ಕೆ ಏರಿಸಿದ್ರೆ ಅದು ಹೆಚ್ಚುವರಿ ಬ್ಯಾಕ್‌ಬೀಟ್ (2-4ರ ಮುಖ್ಯ ಏಟು) ಆಗಿಬಿಡುತ್ತೆ. ಕೋರಸ್‌ನಲ್ಲಿ ಅಳಿಸಿ.

ಕ್ರ್ಯಾಶ್ ರೈಡ್ ಮಾಡುವಾಗ (ಕ್ರ್ಯಾಶನ್ನೇ ಸಾಲಾಗಿ ಬಾರಿಸುವಾಗ) 1ಕ್ಕೆ 112, ಮಿಕ್ಕ ಬೀಟ್‌ಗೆ 78-88. 8ನೇ ನೋಟ್ ಬೇಡ, ಕಾಲು ನೋಟ್ ಸಾಕು. ಕಡ್ಡಿಗೆ ಹಿಂದಕ್ಕೆ ಬರೋಕೆ ಹೊತ್ತು ಬೇಕಲ್ಲ. ಕೋರಸ್‌ನ ಎರಡನೇ ಅರ್ಧಕ್ಕೆ ರೈಡ್ ಸಿಂಬಲ್‌ಗೆ ಹೋಗಿ, ಎಡಗಾಲಲ್ಲಿ 44ನೇ ನೋಟ್ (ಕಾಲಲ್ಲಿ ಮುಚ್ಚೋ ಹೈಹ್ಯಾಟ್) 2 ಮತ್ತು 4ಕ್ಕೆ, ವೆಲಾಸಿಟಿ 55. ಬಲಗೈ ರೈಡ್ ಮೇಲಿದ್ದಾಗ 42 ಎಲ್ಲೂ ಉಳಿದಿಲ್ಲ ಅಂತ ಒಮ್ಮೆ ನೋಡ್ಕೊಳ್ಳಿ.