ದೇವಿಮನೆ ಘಟ್ಟದಲ್ಲಿ ನಿಲ್ಲುವ ಗಾಡಿಯ ಬಗ್ಗೆ

ತಂಗೀ, ನೀನು ನಿನ್ನೆ ರಾತ್ರಿ ನಮ್ಮ ಮನೆಯವರ ಗುಂಪಿಗೆ ಹಾಕಿದ ಸಂದೇಶವನ್ನು ಈಗ ಪೂರ್ತಿ ಓದಿದೆ. ಭಾವನನ್ನು ಕುಮಟೆಯ ಡಾಕ್ಟರಿಗೆ ತೋರಿಸಿಕೊಂಡು ಶಿರಸಿಗೆ ಮರಳುವಾಗ ನಿಮ್ಮ 1997ರ ಮಾರುತಿ 800 ದೇವಿಮನೆ ಘಟ್ಟದಲ್ಲಿ ಎರಡು ಸಲ ನಿಂತಿತು, ಅರ್ಧ ಗಂಟೆ ಬಿಟ್ಟರೆ ತಾನಾಗಿ ಶುರುವಾಯಿತು, ಗ್ಯಾರೇಜಿನವರು ಪೆಟ್ರೋಲ್ ಪಂಪು ಹೋಗಿದೆ ಎನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀಯ. ಅದರ ಕೆಳಗೆ ನಮ್ಮದೇ ಮಾಣಿಯೊಬ್ಬ, ಗಾಡಿಯಲ್ಲಿ ಒಂದು ಬಾಟಲಿ ಪೆಟ್ರೋಲ್ ಇಟ್ಟುಕೊಂಡಿದ್ದು, ನಿಂತಾಗ ಕಾರ್ಬುರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನಿಗೆ ಕೊಡುವ ಭಾಗ) ಬಾಯಿಗೆ ಸ್ವಲ್ಪ ಹೊಯ್ದು ಕೀಲಿ ತಿರುಗಿಸಿದರೆ ಸಾಕು ಎಂದು ಬರೆದಿದ್ದಾನೆ, ಅದಕ್ಕೆ ಹೆಬ್ಬೆರಳು ಎತ್ತಿದವರೂ ಇದ್ದಾರೆ. ಹಾಗಾಗಿ ನಿನ್ನ ಪ್ರಶ್ನೆಗಿಂತ ಮೊದಲು ಆ ಸಲಹೆಗೆ ಉತ್ತರ ಹೇಳಲೇಬೇಕಾಗಿದೆ. ಯಾರೂ, ಯಾವ ಕಾರಣಕ್ಕೂ, ಕಾರ್ಬುರೇಟರಿಗೆ ಕೈಯಿಂದ ಪೆಟ್ರೋಲ್ ಹೊಯ್ಯಬೇಡಿ.

ನಮ್ಮ ತಮ್ಮನ ಬಲಗೈಯನ್ನು ನೀವೆಲ್ಲರೂ ಕಂಡವರೇ. ಮದುವೆ ಮನೆಯಲ್ಲಿ ಬಡಿಸಲು ನಿಂತಾಗಲೂ ಅವನು ಅಂಗಿಯ ತೋಳನ್ನು ಮೇಲಕ್ಕೆ ಮಡಚುವುದಿಲ್ಲ. ಹಿಂದೆ ಗಾಡಿಗೆ ಬೆಂಕಿ ಹತ್ತಿತ್ತಂತೆ ಎಂಬಷ್ಟು ಮಾತ್ರ ಮಕ್ಕಳಿಗೆ ಗೊತ್ತಿದೆ, ಆ ಬೆಂಕಿ ಹೇಗೆ ಹತ್ತಿತು ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ.

ಆಗ ನಮ್ಮಲ್ಲಿದ್ದದ್ದು ಓಮ್ನಿ. ನಿಮ್ಮ 800ರಲ್ಲಿರುವ ಅದೇ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಅದರಲ್ಲಿಯೂ ಇತ್ತು, ಆದರೆ ಓಮ್ನಿಯ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿರುತ್ತದೆ. ಮಳೆಗಾಲ ಕಳೆದು ಬಿಸಿಲು ಏರಿದ ದಿನಗಳು. ಕತಗಾಲ ದಾಟಿ ಘಟ್ಟದ ಅರ್ಧ ಏರಿದ್ದೆವು, ಗಾಡಿ ಎರಡು ಮೂರು ಬಾರಿ ಮುಗ್ಗರಿಸಿ ನಿಂತುಬಿಟ್ಟಿತು. ಹಿಂದಿನಿಂದ ಬಂದ ಲಾರಿಯವರು ಒಳ್ಳೆಯ ಮನಸ್ಸಿನಿಂದಲೇ ಇಳಿದು ಬಂದರು. ಅವರಲ್ಲೊಬ್ಬ ಸೀಟು ಎತ್ತಿಸಿ, ಏರ್ ಫಿಲ್ಟರಿನ ಕೊಳವೆ ಬಿಚ್ಚಿ, ನೀರಿನ ಬಾಟಲಿಯಲ್ಲಿದ್ದ ಪೆಟ್ರೋಲನ್ನು ಕಾರ್ಬುರೇಟರಿನ ಬಾಯಿಗೆ ಹೊಯ್ದು, ಕೀಲಿ ತಿರುಗಿಸಲು ಇನ್ನೊಬ್ಬನಿಗೆ ಹೇಳಿದ. ತಮ್ಮ ಪಕ್ಕದಲ್ಲಿ ಬಗ್ಗಿ ಕೊಳವೆ ಹಿಡಿದುಕೊಂಡಿದ್ದ.

ಪೆಟ್ರೋಲ್ ಸಾಕಷ್ಟು ಬಾರದ ಎಂಜಿನಿನಲ್ಲಿ ಮಿಶ್ರಣ ತೆಳುವಾಗಿರುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಉರಿ ಆರುವ ಮೊದಲೇ ಒಳಬಾಯಿಯ ವಾಲ್ವ್ ತೆರೆದುಕೊಂಡರೆ ಜ್ವಾಲೆ ಬಂದ ದಾರಿಯಲ್ಲೇ ಹಿಂದಕ್ಕೆ ಚಿಮ್ಮುತ್ತದೆ. ಸಾಮಾನ್ಯವಾಗಿ ಅದನ್ನು ತಡೆಯುವುದು ಏರ್ ಫಿಲ್ಟರ್, ಆ ದಿನ ಅದರ ಕೊಳವೆಯನ್ನೇ ಬಿಚ್ಚಿದ್ದರು. ಒಂದೇ ಒಂದು ಸದ್ದು ಕೇಳಿತು, ಬಾಟಲಿ ಹಿಡಿದವನ ಕೈಯಲ್ಲಿಯೇ ಹೊತ್ತಿಕೊಂಡಿತು, ಅವನು ಗಾಬರಿಯಲ್ಲಿ ಕೊಡವಿದ ಬಾಟಲಿ ತಮ್ಮನ ತೋಳಿನ ಮೇಲೆ ಬಿತ್ತು. ನೈಲಾನ್ ಅಂಗಿ ಕರಗಿ ಚರ್ಮಕ್ಕೆ ಅಂಟಿಕೊಂಡಿತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು, ಅದು ಕೆಳಗೆ ಇಳಿದು ನೆಲದಲ್ಲಿ ಕೂರುತ್ತದೆ. ಆದ್ದರಿಂದ ಕ್ಷಣಮಾತ್ರದಲ್ಲಿ ಗಾಡಿಯೊಳಗಿನ ಚಾಪೆಯೂ ಉರಿಯತೊಡಗಿತು. ರಸ್ತೆ ರಿಪೇರಿಗೆಂದು ಸುರಿದಿದ್ದ ಮರಳನ್ನು ಬುಟ್ಟಿಯಲ್ಲಿ ತುಂಬಿ ಎರಚಿದ್ದರಿಂದ ಗಾಡಿ ಉಳಿಯಿತು. ತಮ್ಮನನ್ನು ಪಕ್ಕದ ಝರಿಯ ಕೆಳಗೆ ಕೂರಿಸಿ, ತೋಳಿನ ಮೇಲೆ ತುಂಬಾ ಹೊತ್ತು ನೀರು ಹರಿಯಲು ಬಿಟ್ಟೆವು. ಅಂಟಿದ ಬಟ್ಟೆಯನ್ನು ನಾವು ಕೀಳಲಿಲ್ಲ, ಅದು ಸರಿಯಾಯಿತೆಂದು ಆಮೇಲೆ ಡಾಕ್ಟರ್ ಹೇಳಿದರು. ಅಲ್ಲಿಂದ ಕುಮಟೆ, ಕುಮಟೆಯಿಂದ ಮಣಿಪಾಲ. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಸುಟ್ಟ ಕೈಯನ್ನು ಹಿಡಿದುಕೊಂಡು ಅಷ್ಟು ದೂರ ಹೋಗಬೇಕಾದ ಸಂಕಟ ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ಅದಕ್ಕಿಂತ ಹೆಚ್ಚು ನೋವಾದದ್ದು ಆಮೇಲೆ ನಡೆದ ರಿಪೇರಿಯಿಂದ. ಗ್ಯಾರೇಜೊಂದರಲ್ಲಿ ಪಂಪು ಬದಲಿಸಿದರು, ಕಾರ್ಬುರೇಟರಿನ ಕಿಟ್ ಹಾಕಿದರು, ಪ್ಲಗ್ಗುಗಳನ್ನೂ ಹೊಸದು ಮಾಡಿದರು, ಬಿಲ್ಲು ಬೆಳೆಯಿತು, ಗಾಡಿ ಮತ್ತೆ ಅದೇ ಘಟ್ಟದಲ್ಲಿ ನಿಂತಿತು. ಯಾವ ಭಾಗವನ್ನೂ ಪರೀಕ್ಷಿಸಿ ನೋಡಿದವರಿಲ್ಲ, ಬಿಚ್ಚಿದರು, ಎಸೆದರು, ಹೊಸದು ಹಾಕಿದರು. ಮನೆಯವರೆಲ್ಲ ಸೇರಿ ಹಳೆಯ ಗಾಡಿಯ ಗುಣವೇ ಹಾಗೆ, ಮಾರಿಬಿಡಿ ಎಂದರು. ಕೊನೆಗೆ ಶಿರಸಿಯ ವಯಸ್ಸಾದ ಮೆಕ್ಯಾನಿಕ್ ಒಬ್ಬರು, ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮೊದಲೇ, ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ಟ್ಯಾಂಕಿನ ಕ್ಯಾಪನ್ನು ನಿಧಾನವಾಗಿ ತಿರುಗಿಸಿದರು. ಒಳಕ್ಕೆ ಗಾಳಿ ಎಳೆದುಕೊಳ್ಳುವ ಸದ್ದು ಅಂಗಳದಲ್ಲಿ ನಿಂತ ನಮಗೆಲ್ಲ ಕೇಳಿಸಿತು. ಜಾತ್ರೆಯ ಗದ್ದಲದಲ್ಲಿ ಯಾರೋ ಪೆಟ್ರೋಲ್ ಕದ್ದರೆಂದು ಪೇಟೆಯಿಂದ ತಂದು ಹಾಕಿದ್ದ ಬೀಗದ ಕ್ಯಾಪು ಅದು, ಗಾಳಿ ಒಳಗೆ ಬಿಡುವ ಕಿಂಡಿಯೇ ಅದರಲ್ಲಿ ಇರಲಿಲ್ಲ. ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಸುರಿಯದೆ ನಿಲ್ಲುವ ಹಾಗೆ, ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಪಂಪು ಎಳೆಯಲಾರದೆ ಸೋಲುತ್ತಿತ್ತು. ಅಷ್ಟು ಚಿಕ್ಕ ಕಾರಣಕ್ಕೆ ಒಬ್ಬನ ಕೈ ಸುಟ್ಟಿತು, ಮೂರು ಒಳ್ಳೆಯ ಭಾಗಗಳು ಗುಜರಿಗೆ ಹೋದವು. ಹಾಗೆ ಕಿವಿಗೊಟ್ಟು ಕೇಳಿ ರೋಗ ಹೇಳುವವರು ಈಗ ನಮ್ಮ ಕಡೆ ಕಡಿಮೆಯಾಗುತ್ತಿದ್ದಾರೆ, ಅವರಿಗೆ ಕೊಡುವ ಕೂಲಿಗೆ ಚೌಕಾಸಿ ಮಾಡುವವರೂ ನಾವೇ ಎಂಬುದು ನನ್ನನ್ನು ಕಾಡುತ್ತದೆ.

ಮಾಣಿ, ನೀನು ಕೆಟ್ಟದ್ದಕ್ಕೆ ಹೇಳಲಿಲ್ಲವೆಂದು ಬಲ್ಲೆ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಕಾರ್ಬುರೇಟರಿಗೆ ಪೆಟ್ರೋಲ್ ಹೊಯ್ಯಬೇಡಿ, ಹೊಯ್ಯುತ್ತೇನೆಂದು ದಾರಿಯಲ್ಲಿ ಮುಂದೆ ಬಂದವರಿಗೂ ಕೈಮುಗಿದು ಬೇಡವೆನ್ನಿ. ಕೊಳವೆಗೆ ಬಾಯಿ ಹಚ್ಚಿ ಹೀರುವುದೂ ಬೇಡ, ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ತಂಗೀ, ನೀನು ಕೇಳಿದ್ದಕ್ಕೆ ಬರುತ್ತೇನೆ. ಗಾಡಿ ಮತ್ತೆ ನಿಂತರೆ ಮೊದಲು ಬದಿಗೆ ಹಾಕಿ, ಎಂಜಿನ್ ಆರಿಸಿ, ಟ್ಯಾಂಕಿನ ಕ್ಯಾಪನ್ನು ನಿಧಾನವಾಗಿ ತಿರುಗಿಸು. ಗಾಳಿ ಒಳಗೆ ಎಳೆದ ಸದ್ದು ಬಂದು, ತಡವಿಲ್ಲದೆ ಗಾಡಿ ಶುರುವಾದರೆ ರೋಗ ಕ್ಯಾಪಿನಲ್ಲಿದೆ. ಟ್ಯಾಂಕು ತುಂಬಿದ್ದಾಗ ಒಳಗೆ ಗಾಳಿಯ ಜಾಗ ಕಡಿಮೆ ಇರುವುದರಿಂದ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಎರಡು ಸಲವೂ ಪೆಟ್ರೋಲ್ ತುಂಬಿಸಿಕೊಂಡು ಹೊರಟಿದ್ದಿರೋ ಎಂದು ನೆನಪಿಸಿಕೋ. ಸದ್ದೇನೂ ಬಾರದೆ, ಎಂಜಿನ್ ತಣಿದ ಮೇಲೆ ಮಾತ್ರ ಶುರುವಾಗುವುದಾದರೆ ಬಿಸಿಗೆ ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗುತ್ತಿರಬಹುದು, ಇಲ್ಲವೇ ಬಿಸಿಯಾದ ಇಗ್ನಿಷನ್ ಕಾಯಿಲ್ ಕಿಡಿ ಕೊಡದೆ ಇರಬಹುದು, ಇವೆರಡನ್ನೂ ಬೇರ್ಪಡಿಸದೆ ಪಂಪಿಗೆ ಕೈ ಹಾಕಬಾರದು. ಸಪಾಟು ರಸ್ತೆಯಲ್ಲಿ ಚೆನ್ನಾಗಿ ಓಡಿ, ಏರಿನಲ್ಲಿ ಮಾತ್ರ ಉಸಿರು ಕಟ್ಟಿ, ಸ್ವಲ್ಪ ನಿಂತ ಕೂಡಲೇ ಸುಧಾರಿಸಿಕೊಂಡರೆ ಫಿಲ್ಟರ್ ಅಥವಾ ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ ಎಂದು ತಿಳಿ. ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಹೊರಗೆ ಒಂದು ಹನಿಯೂ ತೊಟ್ಟಿಕ್ಕದೆ ಒಳಗೆ ಗಾಳಿ ಸೇರುತ್ತದೆ, ಪೆಟ್ರೋಲ್ ತಳಕ್ಕೆ ಇಳಿದಾಗ ಆ ತೊಂದರೆ ಹೆಚ್ಚುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ, 1997ರ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಹಾಗಾಗಿ ಎಥೆನಾಲ್ ತಾಳುವ ಹೊಸ ಕೊಳವೆ ಹಾಕಿಸುವುದು ಹೇಗಿದ್ದರೂ ಒಳ್ಳೆಯದು.

ಪಂಪನ್ನೇ ಸಂಶಯಿಸುವುದಾದರೆ ಅದಕ್ಕೂ ಪರೀಕ್ಷೆಯಿದೆ, ಅದನ್ನು ಮೆಕ್ಯಾನಿಕ್ ಮಾಡಲಿ, ನೀನು ನಿಂತು ನೋಡು. ತಣ್ಣಗಿರುವ ಎಂಜಿನಿನಲ್ಲಿ, ಬಯಲಿನಲ್ಲಿ, ಕಿಡಿ ಹಾರದಂತೆ ಕಾಯಿಲ್ಲಿನ ತಂತಿ ಬಿಚ್ಚಿ, ಕಾರ್ಬುರೇಟರಿಗೆ ಹೋಗುವ ಕೊಳವೆಗೆ ಉದ್ದನೆಯ ಪೈಪು ಸೇರಿಸಿ ಅದರ ತುದಿಯನ್ನು ದೂರದ ಡಬ್ಬಿಯೊಳಗೆ ಇಡಬೇಕು. ಕೀಲಿ ತಿರುಗಿಸಿದಾಗ ಪೆಟ್ರೋಲ್ ಬಿಟ್ಟುಬಿಟ್ಟು ರಭಸದಿಂದ ಚಿಮ್ಮಿದರೆ ಪಂಪು ಗಟ್ಟಿಯಾಗಿದೆ. ಆಯಿಲ್ ಕಡ್ಡಿಯನ್ನು ಎಳೆದು ಮೂಸಿ ನೋಡುವುದನ್ನೂ ಮರೆಯಬೇಡ, ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟ ಏರಿದ್ದರೆ ಪಂಪಿನೊಳಗಿನ ಪೊರೆ, ಅಂದರೆ ಡಯಾಫ್ರಾಂ, ಹರಿದು ಪೆಟ್ರೋಲ್ ಎಂಜಿನಿನೊಳಗೆ ಇಳಿಯುತ್ತಿರಬಹುದು, ಆಗ ಗಾಡಿಯನ್ನು ಒಂದು ಮೈಲಿಯೂ ಓಡಿಸಬೇಡ.

ಭಾವನನ್ನು ಮುಂದಿನ ವಾರ ಮತ್ತೆ ಕರೆದೊಯ್ಯಬೇಕೆಂದಿದ್ದೀಯ, ಅಲ್ಲಿಯವರೆಗೆ ಬಸ್ಸಿನಲ್ಲೇ ಹೋಗಿ ಬನ್ನಿ. ಇಂದು ಸಂಜೆ ಟ್ಯಾಂಕಿನ ಕ್ಯಾಪನ್ನು ಬಿಚ್ಚಿ, ಅದರ ಒಳಮೈ ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆದು ಇದೇ ಗುಂಪಿಗೆ ಹಾಕು. ಅದನ್ನು ನೋಡಿದ ಮೇಲೆ ಪಂಪಿಗೆ ದುಡ್ಡು ಕೊಡಬೇಕೋ ಬೇಡವೋ ಹೇಳುತ್ತೇನೆ.