‘ಬ್ರೋಡ್’ ಎಂಬ ಊರುಹೆಸರು, ಮನೆತನದ ಹೆಸರು ಮತ್ತು ನಮ್ಮ ‘ಕಡವು’

ಸ್ಲಾವಿಕ್ ನಾಡುಗಳ ಊರುಹೆಸರುಗಳಲ್ಲಿ ಪದೇ ಪದೇ ಎದುರಾಗುವ ‘ಬ್ರೋಡ್’ ಎಂಬ ಪದಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ ಯಾವ ಅರ್ಥ ಕೊಡುವುದು ಸರಿ ಎಂಬುದು ನನ್ನ ಪ್ರಶ್ನೆ. ಚೆಕ್, ಪೋಲಿಷ್ ಮತ್ತು ರಷ್ಯನ್ ಭಾಷೆಗಳಲ್ಲಿ ಹೊಳೆಯನ್ನು ನಡೆದೇ ಹಾಯಬಹುದಾದ, ಆಳವಿಲ್ಲದ ಜಾಗಕ್ಕೆ ಈ ಪದ ಇಂದಿಗೂ ಸಲ್ಲುತ್ತದೆ. ಬ್ರೋಡ್ ಎಲ್ಲಿದೆಯೆಂದು ಅರಿಯದೆ ನೀರಿಗಿಳಿಯಬೇಡ ಎನ್ನುವ ರಷ್ಯನ್ ಗಾದೆಯಲ್ಲಿರುವುದೂ ಇದೇ ಅರ್ಥ. ಕ್ರೊಯೇಷಿಯನ್ ಮತ್ತು ಸರ್ಬಿಯನ್ ಭಾಷೆಗಳಲ್ಲಾದರೋ ‘ಬ್ರೋಡ್’ ಎಂದರೆ ಈಗ ಹಡಗು.

ಈಗಿನ ನಿಘಂಟನ್ನಷ್ಟೇ ನೋಡಿದವರು ಕ್ರೊಯೇಷಿಯಾದ ಸ್ಲಾವೊನ್ಸ್ಕಿ ಬ್ರೋಡ್ ಪಟ್ಟಣವನ್ನು ‘ಸ್ಲಾವೊನಿಯಾದ ಹಡಗು’ ಎಂದು ಬಿಡಿಸುವ ಅಪಾಯವಿದೆ. ಆ ಪಟ್ಟಣ ಸಾವಾ ನದಿಯ ಉತ್ತರ ದಡದಲ್ಲಿದ್ದು, ಅದಕ್ಕೆ ನೇರ ಎದುರಾಗಿ ದಕ್ಷಿಣ ದಡದಲ್ಲಿ ಬೋಸ್ನಿಯಾದ ಬ್ರೋಡ್ ಇರುವುದರಿಂದ, ಹೆಸರು ಹುಟ್ಟಿದ್ದು ನದಿ ದಾಟುವ ಜಾಗದಿಂದಲೇ ಎಂಬುದು ಸ್ಪಷ್ಟವಾಗುತ್ತದೆ. ಚೆಕ್ ನಾಡಿನ ಹಾವ್ಲೀಚ್ಕೂವ್ ಬ್ರೋಡ್ 1945ರವರೆಗೆ ‘ಜರ್ಮನ್ ಬ್ರೋಡ್’ ಎಂಬರ್ಥದ ಹೆಸರನ್ನು ಹೊತ್ತಿತ್ತು. ಬಳಿಕ ಪತ್ರಕರ್ತ ಕರೆಲ್ ಹಾವ್ಲೀಚೆಕ್ ಬೊರೊವ್ಸ್ಕಿಯ ನೆನಪಿಗೆ ವಿಶೇಷಣ ಬದಲಾಯಿತೇ ಹೊರತು ಬ್ರೋಡ್ ಹಾಗೆಯೇ ಉಳಿಯಿತು.

ಮನೆತನದ ಹೆಸರಿಗೆ ಬಂದರೆ ವಿಷಯ ಬೇರೆ. ಕಾಫ್ಕಾನ ಗೆಳೆಯ ಮ್ಯಾಕ್ಸ್ ಬ್ರೋಡ್‌ನ ಹೆಸರಿನಲ್ಲಿ ಪದ ಒಂಟಿಯಾಗಿಯೇ ನಿಂತಿದೆ. 1987ರ ನೊಬೆಲ್ ಪುರಸ್ಕೃತ ಕವಿ ಜೋಸೆಫ್ ಬ್ರಾಡ್‌ಸ್ಕಿಯ ಹೆಸರು ರೂಪದಲ್ಲಿ ವಿಶೇಷಣ. ಹೆಂಗಸರ ಹೆಸರಾದಾಗ ಅದು ‘ಬ್ರಾಡ್‌ಸ್ಕಾಯಾ’ ಆಗುತ್ತದೆ. ಇಂದಿನ ಪಶ್ಚಿಮ ಉಕ್ರೇನಿನ ಬ್ರೋಡಿ ಪಟ್ಟಣದಲ್ಲಿ ಒಂದು ಕಾಲಕ್ಕೆ ಯಹೂದಿಗಳೇ ಹೆಚ್ಚಾಗಿದ್ದು, ಅಲ್ಲಿಂದ ಹೊರಟ ಹಲವು ಯಹೂದಿ ಕುಟುಂಬಗಳಿಗೆ ಈ ಹೆಸರು ಅಂಟಿಕೊಂಡಿತು. ಹೀಗಾಗಿ ಅದು ‘ಬ್ರೋಡಿಯವರು’ ಎಂಬ ಊರಿನ ಗುರುತೇ ವಿನಾ ಹೊಳೆ ದಾಟಿಸುವ ಕಸುಬಿನ ಗುರುತಲ್ಲ. ಪೋಲಿಷಿನಲ್ಲಿ ಗಡ್ಡಕ್ಕೆ ‘ಬ್ರೋಡಾ’ ಎನ್ನುತ್ತಾರೆ, ಅದರ ಬಹುವಚನವೂ ‘ಬ್ರೋಡಿ’ಯೇ; ಆದರೆ ಇದು ಬರಿಯ ಹೋಲಿಕೆ, ಊರಿಗೂ ಗಡ್ಡಕ್ಕೂ ನಂಟು ಹುಡುಕುವ ಅಗತ್ಯವಿಲ್ಲ.

ಕನ್ನಡದಲ್ಲಿ ‘ಕಡವು’ ಎಂದು ಟಿಪ್ಪಣಿಸಬಹುದೆಂದು ನನಗನ್ನಿಸುತ್ತದೆ. ಆದರೆ ಕರಾವಳಿಯಲ್ಲಿ ಆ ಪದ ಕೇಳಿದೊಡನೆ ದೋಣಿ ಕಣ್ಮುಂದೆ ಬರುವುದರಿಂದ, ಕಾಲ್ನಡಿಗೆಯಲ್ಲೇ ಹಾಯುವ ತಾಣಕ್ಕೆ ‘ಹಾಯ್ಗಡ’ ಹೆಚ್ಚು ಒಪ್ಪುವುದೇ? ಎರಡನ್ನೂ ಬಳಕೆಯಲ್ಲಿ ಕೇಳಿದವರು, ತಮ್ಮ ಸೀಮೆಯಲ್ಲಿ ಅವುಗಳ ನಡುವೆ ಯಾವ ವ್ಯತ್ಯಾಸ ಕಾಣುತ್ತಾರೆಂದು ತಿಳಿಸಬೇಕಾಗಿ ವಿನಂತಿ.