ಅಪ್‌ಡೇಟ್: ಆ ಹೈಬ್ರಿಡ್ ಪಿಕಪ್ ಕೊಂಡೇಬಿಟ್ಟೆ

62,000 ಮೈಲಿ ಓಡಿದ 2022ರ ಫೋರ್ಡ್ ಮ್ಯಾವೆರಿಕ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಗಾಡಿ) ಕೊಳ್ಳಬಹುದೇ, ಮಿಶಿಗನ್ ಚಳಿಯಲ್ಲಿ ಎಷ್ಟು ವರ್ಷ ಬಾಳೀತು ಎಂದು ಕಳೆದ ವರ್ಷ ಕೇಳಿದ್ದೆ. ಕೊಂಡೆ. ಈಗ 81,000 ದಾಟಿದೆ.

ಬ್ಯಾಟರಿಯ ಚಿಂತೆ ಹೆಚ್ಚುಕಡಿಮೆ ಬಿಟ್ಟಿದ್ದೇನೆ. ಅದು 1.1 ಕಿಲೋವ್ಯಾಟ್-ಗಂಟೆಯ ಪುಟ್ಟ ಪೆಟ್ಟಿಗೆ; ಪೂರ್ತಿ ತುಂಬುವುದೂ ಇಲ್ಲ, ಪೂರ್ತಿ ಬರಿದಾಗುವುದೂ ಇಲ್ಲ, ಹಾಗಾಗಿ ಬೇಗ ಸೊರಗುವುದಿಲ್ಲ. ಹೈಬ್ರಿಡ್ ಭಾಗಗಳಿಗೆ 8 ವರ್ಷ ಅಥವಾ 1,00,000 ಮೈಲಿ ವಾರಂಟಿ ಬೇರೆ ಇದೆ. ಸಿವಿಟಿಯ (ಹಂತಗಳಿಲ್ಲದೆ ಗೇರ್ ಬದಲಿಸುವ ವ್ಯವಸ್ಥೆಯ) ಬೆಲ್ಟ್ ಹರಿಯುತ್ತದೆ ಎಂದು ಹೆದರಿಸಿದವರು ಕೇಳಿ: ಇದರಲ್ಲಿ ಬೆಲ್ಟೇ ಇಲ್ಲ, ಇರುವುದು ಗೇರುಗಳು ಮತ್ತು ಎರಡು ಮೋಟಾರು.

ನನ್ನ ತಲೆನೋವು ಯಾರೂ ಹೇಳದೆ ಬಿಟ್ಟದ್ದು: ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು. ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡುವುದರಿಂದ ಬ್ರೇಕ್ ಪ್ಯಾಡ್ ಸವೆದೇ ಇಲ್ಲ. ಆದರೆ ಉಜ್ಜಾಟ ಕಾಣದ ಬ್ರೇಕ್ ಡಿಸ್ಕ್‌ಗಳಿಗೆ ಈ ಉಪ್ಪಿನಿಂದ ತುಕ್ಕು. ಮೆಕ್ಯಾನಿಕ್ ಅಂಚನ್ನು ಕೆರೆದಾಗ ಹಪ್ಪಳದ ಚೂರಿನಂತೆ ಉದುರಿತು. ಈಗ ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತುತ್ತೇನೆ. ಹಿಮ ಬಿದ್ದ ವಾರ ಗಾಡಿಯ ಅಡಿಭಾಗ ತೊಳೆಸುತ್ತೇನೆ. ಹೆಂಡತಿ ಇದಕ್ಕೆ ಎಣ್ಣೆಸ್ನಾನ ಎಂದು ಹೆಸರಿಟ್ಟಿದ್ದಾಳೆ.